ತಿಪ್ಪಿಗೆ ಯಾವುದು, ಚೀಲಕ್ಕೆ ಯಾವುದು?

ಸೋದರಿಯರೇ, ಈ ಸಲವೂ ಅಡಿಗೆಮನೆಯ ಮಾತೇ. ಆದರೆ ಒಲೆಯ ಮೇಲಿನದಲ್ಲ, ಮೂಲೆಯಲ್ಲಿ ಕೂತ ಕಸದ ಬುಟ್ಟಿಯದು. ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ.

ಹೋದ ಶ್ರಾವಣದಲ್ಲಿ ಸಾಲಹಳ್ಳಿಯ ನಮ್ಮ ಮನೆ ತುಂಬ ಬೀಗರು. ಹುಡುಗರ ಗದ್ದಲದಲ್ಲಿ ಒಂದು ಗಾಜಿನ ಗ್ಲಾಸು ಬಿದ್ದು ಚೂರಾಯಿತು. ಕೈಯಲ್ಲಿ ನೂರೆಂಟು ಕೆಲಸ. ಚೂರುಗಳನ್ನು ಕಸಬರಿಗೆಯಿಂದ ಬಳಿದೆ. ಉಳಿದ ಅನ್ನ, ಉಂಡ ಎಲೆ, ಹೂವು ಕಟ್ಟಿಸಿಕೊಂಡು ಬಂದ ಪ್ಲಾಸ್ಟಿಕ್ಕು, ಎಲ್ಲವನ್ನೂ ಗಾಜಿನ ಜೊತೆಗೇ ಒಂದೇ ಚೀಲಕ್ಕೆ ತುಂಬಿ, ಬಾಯಿಗೆ ಗಂಟು ಬಿಗಿದು ಕಟ್ಟೆಯ ಮೇಲೆ ಇಟ್ಟೆ. ಮನೆ ಸ್ವಚ್ಛವಾಯಿತು ಎಂದು ಸಮಾಧಾನ ಬೇರೆ!

ಮರುದಿನ ಮುಂಜಾನೆ ಕಸದ ಗಾಡಿ ಬಂತು. ಗಾಡಿಯ ಜೊತೆ ಬರುವ ಹೆಣ್ಣುಮಗಳು ಗಂಟು ಬಿಚ್ಚಿ, ಪ್ಲಾಸ್ಟಿಕ್ಕು ಬೇರೆ ಮಾಡಲೆಂದು ಒಳಗೆ ಕೈ ಹಾಕಿದಳು. “ಯವ್ವಾ!” ಎಂದು ಕೂಗಿದ್ದು ಅಡಿಗೆಮನೆಯವರೆಗೂ ಕೇಳಿಸಿತು. ಓಡಿ ಬಂದು ನೋಡಿದರೆ ಬಲಗೈ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಅರಿವೆ ಸುತ್ತಿ ದವಾಖಾನೆಗೆ ಕಳಿಸಿದೆವು. ಹೊಲಿಗೆ ಬಿದ್ದವು.

ಸಂಜೆ ಅವಳ ಮನೆಗೆ ಹೋದೆ. ಬೈಯುತ್ತಾಳೆ ಅಂತ ಅಂದುಕೊಂಡಿದ್ದೆ, ಬೈಯಲಿಲ್ಲ. “ಗಾಜ ಐತಿ ಅಂತ ಒಂದ ಮಾತ ಹೇಳಿದ್ರ ಸಾಕಿತ್ತಲ್ರಿ ಅಕ್ಕಾರ” ಅಂದಳು, ಅಷ್ಟೇ. ಎಂಟು ದಿನ ಅವಳಿಗೆ ರೊಟ್ಟಿ ಬಡಿಯಲಾಗಲಿಲ್ಲ. ಅವಳ ಮಗಳು, ಇನ್ನೂ ಸಾಲಿಗೆ ಹೋಗುವ ಕೂಸು, ಹಂಚಿನ ಮುಂದೆ ಕೂತು ಬಡಿಯುತ್ತಿದ್ದಳು. ಅದನ್ನು ನೋಡಿ ಬಂದ ರಾತ್ರಿ ನನಗೆ ಊಟ ಸೇರಲಿಲ್ಲ.

ನಮ್ಮ ಅತ್ತೆಯವರಿಗೆ ಹೇಳಿದೆ. ಅವರು, “ನಮ್ಮ ಕಾಲದಾಗ ಕಸಾ ಅನ್ನೂದು ಮನಿ ಬಿಟ್ಟು ಎಲ್ಲಿ ಹೋಗತಿತ್ತವಾ? ಹಿತ್ತಲ ದಾಟತಿರಲಿಲ್ಲ” ಅಂದರು. ಖರೆ ಮಾತು. ಮುಸುರೆ ಎಮ್ಮೆಗೆ, ಬೂದಿ ಪಾತ್ರೆ ತಿಕ್ಕಲಿಕ್ಕೆ, ಹರಿದ ಸೀರೆ ಕೌದಿಗೆ. ಉಳಿದ ಕಸಕಡ್ಡಿ, ಸೆಗಣಿ ಎಲ್ಲ ತಿಪ್ಪಿಗೆ. ಮುಂಗಾರಿಗೆ ಮೊದಲು ಆ ತಿಪ್ಪಿಯನ್ನು ಅಗೆದು ಚಕ್ಕಡಿಯಲ್ಲಿ ಹೊಲಕ್ಕೆ ಹೇರುತ್ತಿದ್ದರು. ಹೊಲದಿಂದ ಬಂದದ್ದು ಹೊಲಕ್ಕೇ ಹೋಗುತ್ತಿತ್ತು.

ಈ ತಿಪ್ಪಿಯ ವಿದ್ಯೆಯನ್ನು ದೊಡ್ಡ ದೊಡ್ಡವರೂ ಕಲಿತಿದ್ದಾರೆ. ಆಲ್ಬರ್ಟ್ ಹೊವಾರ್ಡ್ ಎಂಬ ಇಂಗ್ಲಿಷ್ ಕೃಷಿ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದು, ಕಸಕಡ್ಡಿ ಮತ್ತು ಸೆಗಣಿಯನ್ನು ಪದರ ಪದರವಾಗಿ ಒಟ್ಟಿ ಗೊಬ್ಬರ ಮಾಡುವ ಕ್ರಮವನ್ನು ತಿದ್ದಿ ತೀಡಿ ಬರೆದಿಟ್ಟರು. ಜಗತ್ತೆಲ್ಲ ಅದನ್ನು ಇಂದೋರ್ ಪದ್ಧತಿ ಎಂದು ಕರೆಯಿತು. ನಮ್ಮ ರೈತರ ಅನುಭವದಿಂದ ಕಲಿತೆ ಎಂದು ಅವರೇ ಒಪ್ಪಿಕೊಂಡವರು.

ಹಾಗಾದರೆ ಈಗ ಕೆಟ್ಟದ್ದೇನು? ತಿಪ್ಪಿ ಕೆಟ್ಟಿಲ್ಲ, ತಿಪ್ಪಿಗೆ ನಾವು ಹಾಕುವುದು ಕೆಟ್ಟಿದೆ. ಹಾಲಿನ ಪಾಕೀಟು, ಶಾಂಪೂ ಚೀಟಿ, ಗುಟಕಾ ಚೀಟಿ, ತೆಳುವಾದ ಕೈಚೀಲ ಇವು ಕೊಳೆಯುವುದಿಲ್ಲ. ಗೊಬ್ಬರದ ಜೊತೆ ಎರಿ ಹೊಲಕ್ಕೆ ಹೋಗಿ ಅಲ್ಲೇ ಚೂರು ಚೂರಾಗುತ್ತವೆ, ಮಣ್ಣಾಗುವುದಿಲ್ಲ. ನೀರು ಇಳಿಯುವುದಕ್ಕೂ ಬೇರು ಹರಿಯುವುದಕ್ಕೂ ಅಡ್ಡ. ಇನ್ನು ಅನ್ನದ ವಾಸನೆ ಹಿಡಿದ ಚೀಲವನ್ನು ದನ ಹಾಗೆಯೇ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಉಂಡೆಗಟ್ಟಿ ಕೂರುತ್ತದೆ. ದನ ಮೇವು ಬಿಟ್ಟು ಸೊರಗುತ್ತದೆ. ಕೆಲವರು ಜಾಣತನವೆಂದು ಪ್ಲಾಸ್ಟಿಕ್ಕನ್ನು ನೀರೊಲೆಗೆ ಹಾಕಿ ಬೆಂಕಿ ಹೊತ್ತಿಸುತ್ತಾರೆ. ದಯಮಾಡಿ ಬೇಡ. ಆ ಹೊಗೆ ವಿಷ. ಅದನ್ನು ಮೊದಲು ಕುಡಿಯುವವರು ಒಲೆಯ ಮುಂದೆ ಕೂತ ನಾವು, ನಮ್ಮ ಬೆನ್ನಿಗೆ ಜೋತುಬಿದ್ದ ಮಕ್ಕಳು.

ಅಂಗೈ ಕೊಯ್ದುಕೊಂಡ ಆ ತಂಗಿಯನ್ನು ನೆನೆದಾಗೆಲ್ಲ ಬೆಂಗಳೂರಿನ ಒಂದು ಸಂಸ್ಥೆಯ ನೆನಪಾಗುತ್ತದೆ. ಹಸಿರು ದಳ ಎಂದು ಅದರ ಹೆಸರು. ಚಿಂದಿ ಆಯುವವರು ಎಂದು ಜನ ಮೂಗು ಮುರಿಯುತ್ತಿದ್ದರಲ್ಲ, ಅವರದೇ ಸಂಘಟನೆ. ನಳಿನಿ ಶೇಖರ್ ಅವರು ಅದನ್ನು ಕಟ್ಟಿದವರಲ್ಲಿ ಒಬ್ಬರು. 2011ರಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಚೀಟಿಯಲ್ಲೇನಿದೆ ಅನ್ನಬೇಡಿ. ನಸುಕಿನಲ್ಲಿ ಚೀಲ ಹೊತ್ತು ಹೋಗುವ ಹೆಣ್ಣುಮಗಳನ್ನು ಕಳ್ಳಿ ಎಂದು ತಡೆದು ನಿಲ್ಲಿಸಿದಾಗ, “ನಾನು ಊರಿನ ಕೆಲಸ ಮಾಡುವಾಕೆ” ಎಂದು ತೋರಿಸಲು ಅವಳ ಕೈಯಲ್ಲಿ ಏನಾದರೂ ಇರಬೇಕಲ್ಲ! ಈಗ ಅವರಲ್ಲಿ ಅನೇಕರು ನಗರದ ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುತ್ತಾರೆ. ಕಾಗದ, ರಟ್ಟು, ಬಾಟಲಿ, ತಗಡು, ಬಗೆಬಗೆಯ ಪ್ಲಾಸ್ಟಿಕ್ಕು ಎಲ್ಲ ವಿಂಗಡಿಸಿ ಮರುಬಳಕೆಗೆ ಕಳಿಸುತ್ತಾರೆ.

ಅವರೆಲ್ಲ ಹೇಳುವುದು ಒಂದೇ: ಮನೆಯಲ್ಲೇ ಬೇರೆ ಮಾಡಿ ಕೊಡಿ. ಎಣ್ಣೆ, ಸಾರು ಹತ್ತಿದ ಕಾಗದವನ್ನು ಯಾರೂ ಕೊಳ್ಳುವುದಿಲ್ಲ. ಗಾಜು ಬೆರೆತ ಅನ್ನವನ್ನು ದನಕ್ಕೆ ಹಾಕಲಾಗುವುದಿಲ್ಲ, ತಿಪ್ಪಿಗೂ ಹಾಕಲಾಗುವುದಿಲ್ಲ. ಬೆಂಗಳೂರು ಬೆರೆಸಿ ಕೊಟ್ಟ ಕಸ ಲಾರಿಗಟ್ಟಲೆ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಕ್ಕ ಗುಡ್ಡವಾಯಿತು. ನೀರು ಕೆಟ್ಟಿತು, ನೊಣ ಮುತ್ತಿತು. ಹಳ್ಳಿಯವರು ಹೋರಾಡಿ 2012ರಲ್ಲಿ ಮಾವಳ್ಳಿಪುರಕ್ಕೆ, 2014ರಲ್ಲಿ ಮಂಡೂರಿಗೆ ಕಸ ಸುರಿಯುವುದನ್ನು ನಿಲ್ಲಿಸಿದರು. ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಬೇಕೆಂದು 2016ರಲ್ಲಿ ಕೇಂದ್ರದ ನಿಯಮವೇ ಬಂತು. ಈಗ ನಮ್ಮ ರಾಜ್ಯದ ಎಷ್ಟೋ ಪಂಚಾಯತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಕಸದ ಗಾಡಿ ಓಡಿಸಲು ಕಲಿತು ಓಣಿ ಓಣಿಗೆ ಬರುತ್ತಿದ್ದಾರೆ. ನಮ್ಮ ಕೆಲಸ ಅವರ ಕೈಗೆ ಏನು ಕೊಡುತ್ತೇವೆ ಎಂದು ನೋಡಿಕೊಳ್ಳುವುದಷ್ಟೇ.

ನಾನು ಈಗ ಮೂರು ಪಾಲು ಮಾಡುತ್ತೇನೆ. ಸಿಪ್ಪೆ, ಸೊಪ್ಪಿನ ದಂಟು, ಚಹಾದ ಗಸಿ, ದೇವರ ಹೂವು ಒಂದು ಬುಟ್ಟಿಗೆ. ಕಾಗದ, ಬಾಟಲಿ, ತೊಳೆದು ಒಣಗಿಸಿದ ಹಾಲಿನ ಪಾಕೀಟು ಗೂಟಕ್ಕೆ ತೂಗುಹಾಕಿದ ಚೀಲಕ್ಕೆ. ಮೂರನೆಯದು ಜೋಪಾನದ ಕಸ: ಗಾಜು, ಒಡೆದ ಬಳೆ, ಬ್ಲೇಡು, ಸೂಜಿ. ಇವನ್ನು ದಪ್ಪ ಕಾಗದದಲ್ಲಿ ಸುತ್ತಿ ದಾರ ಕಟ್ಟಿ, ಮೇಲೆ “ಗಾಜು” ಎಂದು ಬರೆಯುತ್ತೇನೆ. ಓದಲು ಬಾರದವರ ಕೈಗೂ ಹೋಗಬಹುದು, ಅದಕ್ಕೆ ಬಾಯಿಂದಲೂ ಹೇಳುತ್ತೇನೆ. ತಿಂಗಳ ಮುಟ್ಟಿನ ಪ್ಯಾಡು, ಮಕ್ಕಳ ಡಯಾಪರು ಇದ್ದರೆ ಅವನ್ನೂ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯೇ ಕೊಡಿ. ಇದರಲ್ಲಿ ನಾಚಿಕೆ ಏನಿಲ್ಲ. ಬಿಚ್ಚುವ ಕೈಯೂ ಹೆಣ್ಣುಮಗಳದೇ.

ಹಿತ್ತಲು ಇಲ್ಲದವರು, ತಿಪ್ಪಿ ಇಲ್ಲದವರು ಏನು ಮಾಡಬೇಕು? ಅವರಿಗಾಗಿ ಈ ಸಲದ ಪಾಕ ಇದು.

ಬೇಕಾಗುವ ಸಾಮಾನು: ಒಡಕು ಹರವಿ ಅಥವಾ ಹಳೆಯ ಬಕೀಟು 2, ಒಣ ಎಲೆ ಅಥವಾ ಹೊಟ್ಟು ಅಥವಾ ಕತ್ತರಿಸಿದ ಕಬ್ಬಿನ ರವದಿ 1 ಚೀಲ, ಹುಳಿ ಮಜ್ಜಿಗೆ 1 ಲೋಟ ಅಥವಾ ಸೆಗಣಿ 1 ಮುಷ್ಟಿ, ಮುಚ್ಚಲು ತಟ್ಟಿನ ಚೂರು.

ಮಾಡುವ ಕ್ರಮ: ಬಕೀಟಿನ ತಳಕ್ಕೂ ಪಕ್ಕಕ್ಕೂ ಬೆರಳಿನ ಗಾತ್ರದ ಏಳೆಂಟು ತೂತು ಮಾಡಿ, ಎರಡು ಇಟ್ಟಂಗಿಯ ಮೇಲೆ ನೆರಳಲ್ಲಿ ಇಡಿ. ತಳಕ್ಕೆ ನಾಲ್ಕು ಬೆರಳು ಒಣ ಎಲೆ ಹರಡಿ. ದಿನದ ಹಸಿ ಕಸವನ್ನು ಸಣ್ಣಗೆ ಹೆಚ್ಚಿ ಹಾಕಿ. ಒಂದು ಬೊಗಸೆ ಹಸಿಗೆ ಎರಡು ಬೊಗಸೆ ಒಣ ಎಲೆಯಿಂದ ಮುಚ್ಚಿ. ಮೊದಲ ದಿನ ಮಜ್ಜಿಗೆ ಅಥವಾ ನೀರಲ್ಲಿ ಕದಡಿದ ಸೆಗಣಿ ಚಿಮುಕಿಸಿ, ಅದು ಹೆಪ್ಪು ಇದ್ದಂತೆ. ವಾರಕ್ಕೆರಡು ಸಲ ಕೋಲಿನಿಂದ ತಿರುವಿ. ಹಿಂಡಿದ ಅರಿವೆಯಷ್ಟು ತೇವ ಇರಬೇಕು, ನೀರು ತೊಟ್ಟಿಕ್ಕಬಾರದು. ನಾತ ಬಂದರೆ, ಹುಳ ಆದರೆ ಗಾಬರಿ ಬೇಡ. ತೇವ ಹೆಚ್ಚಾಗಿದೆ ಎಂದು ಅರ್ಥ, ಇನ್ನಷ್ಟು ಹೊಟ್ಟು ಹಾಕಿ ತಿರುವಿ. ಎಣ್ಣೆಯ ಪದಾರ್ಥ, ಮಾಂಸ, ಎಲುಬು ಇದಕ್ಕೆ ಬೇಡ. ಒಂದು ತುಂಬಿದ ಮೇಲೆ ಮುಚ್ಚಿಟ್ಟು ಎರಡನೆಯದನ್ನು ಶುರು ಮಾಡಿ. ಎರಡು, ಎರಡೂವರೆ ತಿಂಗಳಿಗೆ ಕಪ್ಪಗೆ, ಉದುರುದುರಾಗಿ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ. ತುಳಸಿಗೆ, ಕರಿಬೇವಿಗೆ, ಮಲ್ಲಿಗೆಗೆ ಹಾಕಿ.

ಮನೆಯ ಹೆಂಗಸರಿಂದ ಏನಾದೀತು ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಮಾತು ಹೇಳಿ. ಅಲ್ಲಿ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ಸಿರಿಧಾನ್ಯದ ಬೀಜ ಕೂಡಿಟ್ಟು, ಹಂಚಿ, ಮಳೆ ನಂಬಿದ ಹೊಲಗಳಿಗೆ ನವಣೆ, ಸಾಮೆಯನ್ನು ತಿರುಗಿ ತಂದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಆ ಊರಿಗೆ ಬಂತು. ಅವರೂ ನಮ್ಮಂತೆ ರೊಟ್ಟಿ ಬಡಿಯುವವರೇ.

ನನ್ನದು ಅಷ್ಟು ದೊಡ್ಡ ಕೆಲಸವಲ್ಲ. ಅತ್ತೆಯವರ ಮಲ್ಲಿಗೆ ಬಳ್ಳಿ ಈ ವರ್ಷ ಹರವಿಯ ಗೊಬ್ಬರ ಉಂಡು ಚಪ್ಪರ ಹಿಡಿದಿದೆ. ಹೋದ ವಾರ ಗಾಡಿ ಬಂದಾಗ ಎರಡು ಮೊಳ ಮಾಲೆ ಕಟ್ಟಿ ಆ ತಂಗಿಗೆ ಕೊಟ್ಟೆ. ಮುಡಿದುಕೊಂಡು, “ನಿಮ್ಮ ಮನಿ ಚೀಲಕ್ಕ ಈಗ ಅಂಜಿಕಿ ಇಲ್ಲದ ಕೈ ಹಾಕ್ತೀನ್ರಿ” ಅಂದಳು. ಅಂಗೈಯ ಮೇಲಿನ ಗೆರೆ ಮಾತ್ರ ಇನ್ನೂ ಮಾಸಿಲ್ಲ.

ಇವತ್ತು ರಾತ್ರಿ ಪಾತ್ರೆ ತೊಳೆದು ಮುಗಿದ ಮೇಲೆ ನಿಮ್ಮ ಬುಟ್ಟಿಯನ್ನೂ ಒಂದು ಸಲ ಇಣುಕಿ ನೋಡಿ. ನಾಳೆ ಅದಕ್ಕೆ ಕೈ ಹಾಕುವವಳು ಯಾರು ಎಂದು ನೆನೆಸಿಕೊಳ್ಳಿ. ನಿಮ್ಮ ಹರವಿಯಲ್ಲಿ ಗೊಬ್ಬರ ಹೇಗೆ ಬಂತು, ನಾತ ಬಂತೋ ಘಮ ಬಂತೋ, ಒಂದು ಕಾರ್ಡು ಬರೆದು ತಿಳಿಸುವುದನ್ನು ಮರೆಯಬೇಡಿ.