ಅಧಿಕಾರಿ ಹೊರಗೆ ಬಂದು ನಿಲ್ಲುವ ಹೊತ್ತು

ರಾಯಚೂರು ಜಿಲ್ಲೆಯ ಸಿಂಧನೂರಿನ ಗಾಂಧಿ ವೃತ್ತವಿರಲಿ, ಮಸ್ಕಿ ಅಥವಾ ಲಿಂಗಸುಗೂರಿನ ತಹಶೀಲ್ದಾರ್ ಕಚೇರಿ ಇರಲಿ, ಪ್ರತಿಭಟನೆ ಅಲ್ಲಿ ಅಪರೂಪವಲ್ಲ. ಕಾಲುವೆಯ ಕೊನೆಭಾಗಕ್ಕೆ ನೀರು, ಖರೀದಿ ಕೇಂದ್ರ, ಉದ್ಯೋಗ ಖಾತ್ರಿಯ ಬಾಕಿ ಕೂಲಿ, ಹಾಸ್ಟೆಲ್ ಸೌಲಭ್ಯ, ಹೀಗೆ ಬೇಡಿಕೆ ಬೇರೆಬೇರೆ, ನಡೆಯುವ ಕ್ರಮ ಹೆಚ್ಚುಕಡಿಮೆ ಒಂದೇ. ಮೆರವಣಿಗೆ, ಘೋಷಣೆ, ಭಾಷಣ, ಕೊನೆಗೆ ಮನವಿ ಪತ್ರ. ‘ಮನವಿ ಕೊಟ್ಟು ಫೋಟೊ ತೆಗೆಸಿಕೊಂಡ್ರೆ ನೀರು ಬರ್ತದೇನು?’ ಎಂದು ಬಸ್ಸಿಗೆ ಕಾಯುವವರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ.

ಉತ್ತರಕ್ಕಾಗಿ ಆ ಕೊನೆಯ ಹತ್ತು ನಿಮಿಷವನ್ನೇ ನೋಡಬೇಕು. ಕಚೇರಿಯ ಒಳಗೆ ಹೋಗಿ ಟಪಾಲಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಸುಲಭ. ಕೂತವರು ಅದಕ್ಕೆ ಒಪ್ಪುವುದಿಲ್ಲ. ‘ಸಾಹೇಬ್ರೇ ಇಲ್ಲಿಗೆ ಬರಬೇಕು’ ಎನ್ನುತ್ತಾರೆ. ಶಿರಸ್ತೇದಾರರು ಬಂದರೆ ವಾಪಸ್ ಕಳಿಸುತ್ತಾರೆ. ಕಡೆಗೆ ತಹಶೀಲ್ದಾರರು ಬಿಸಿಲಿಗೆ ಬಂದು ನಿಲ್ಲುತ್ತಾರೆ. ಒಬ್ಬರು ಮೈಕ್ ಹಿಡಿದು ಮನವಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ. ಓದಿ ಮುಗಿಯುವವರೆಗೆ ಅಧಿಕಾರಿ ನಿಂತೇ ಇರಬೇಕು, ಜನ ಕೂತೇ ಇರುತ್ತಾರೆ. ಕಾಲುವೆಗೆ ಎಷ್ಟು ನೀರು ಬಿಡಬೇಕೆಂಬುದು ತಹಶೀಲ್ದಾರರ ಕೈಯಲ್ಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ಆದರೂ ವರ್ಷವಿಡೀ ಕೌಂಟರಿನ ಹೊರಗೆ ನಿಂತವರು ಕೂತು, ಒಳಗೆ ಕೂತವರು ನಿಂತು ಕೇಳುವ ಹೊತ್ತು ಅದು. ಮನುಷ್ಯರ ಆಚರಣೆಗಳನ್ನು ಅಭ್ಯಸಿಸುವ ಮಾನವಶಾಸ್ತ್ರದ ದೃಷ್ಟಿಯಲ್ಲಿ ಈ ಅದಲುಬದಲು ಸಣ್ಣ ಸಂಗತಿಯಲ್ಲ.

ಬಾಗಿಲ ಮುಂದೆ ಕೂತು ಉತ್ತರ ಕೇಳುವ ಈ ಪದ್ಧತಿ ಚಳವಳಿಗಳಿಗಿಂತ ಹಳೆಯದು. ಸಾಲ ಕೊಟ್ಟವನು ಸಾಲಗಾರನ ಮನೆ ಬಾಗಿಲಲ್ಲಿ ಉಪವಾಸ ಕೂರುತ್ತಿದ್ದ. ಕೂತವನಿಗೆ ಏನಾದರೂ ಆದರೆ ಪಾಪ ಮನೆಯವನಿಗೆ ತಟ್ಟುತ್ತದೆ ಎಂಬ ಭಯವೇ ಅಲ್ಲಿನ ಬಲ. ಬ್ರಿಟಿಷರು ಇದಕ್ಕೆ ಎಷ್ಟು ಅಂಜಿದರೆಂದರೆ, 1860ರ ಭಾರತೀಯ ದಂಡ ಸಂಹಿತೆಯ 508ನೇ ಕಲಮಿನಲ್ಲಿ ದೈವಕೋಪದ ಭಯ ಹುಟ್ಟಿಸಲು ಬಾಗಿಲಲ್ಲಿ ಧರಣಿ ಕೂರುವುದನ್ನೇ ಅಪರಾಧದ ಉದಾಹರಣೆಯಾಗಿ ಬರೆದರು. ಮುಂದೆ ಗಾಂಧಿ ಸತ್ಯಾಗ್ರಹದಲ್ಲಿ ಉಪವಾಸಕ್ಕೆ ಬೇರೆಯೇ ನೈತಿಕ ಅರ್ಥ ಕೊಟ್ಟರು.

ಹೋರಾಟದ ಉಳಿದ ರೂಪಗಳೂ ಊರಿನ ಬದುಕಿನಿಂದಲೇ ಬಂದವು. ದೇವರಿಗೆ ಹೊತ್ತ ಉರುಳು ಸೇವೆ ಕಚೇರಿಯ ಎದುರು ನಡೆಯುತ್ತದೆ. ಸಾವಿನ ಮನೆಯ ಹಲಗೆ ಅಣಕು ಶವಯಾತ್ರೆಯ ಮುಂದೆ ಮೊಳಗುತ್ತದೆ. ಒಲೆ ಹೂಡಿ ಅಡುಗೆ ಮಾಡುವ ಕೆಲಸ ಹೆದ್ದಾರಿಗೆ ಬರುತ್ತದೆ. ಹೆಗಲ ಮೇಲಿನ ಹಸಿರು ಶಾಲಿಗೂ ಒಂದು ಇತಿಹಾಸವಿದೆ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದ ನರಗುಂದ–ನವಲಗುಂದ ರೈತರ ಮೇಲೆ 1980ರ ಜುಲೈನಲ್ಲಿ ಗೋಲಿಬಾರ್ ಆಯಿತು. ಅದೇ ವರ್ಷ, ಹಸಿರು ಶಾಲನ್ನು ಗುರುತಾಗಿಸಿಕೊಂಡ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಯಾವ ಸಂಘಟನೆ ಬಂದಿದೆ ಎಂದು ಇಂದು ದೂರದಿಂದಲೇ ಶಾಲಿನ ಬಣ್ಣ ಹೇಳುತ್ತದೆ.

ಈ ಭಾಗದ ದೊಡ್ಡ ಉದಾಹರಣೆ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನದು. ನಾರಾಯಣಪುರ ಬಲದಂಡೆ ಕಾಲುವೆಗೆ 5ಎ ಶಾಖಾ ಕಾಲುವೆ ತೆಗೆದು ಮಳೆಯನ್ನೇ ನಂಬಿದ ಹೊಲಗಳಿಗೆ ಕೃಷ್ಣೆಯ ನೀರು ಹರಿಸಬೇಕೆಂದು 2020ರ ಕೊನೆಯಲ್ಲಿ ಅಲ್ಲಿ ಅನಿರ್ದಿಷ್ಟ ಧರಣಿ ಶುರುವಾಯಿತು. ಸರ್ಕಾರ ನಂದವಾಡಗಿ ಏತ ನೀರಾವರಿಯ ಹನಿ ನೀರು ಕೊಡುತ್ತೇವೆಂದಿತು. ರೈತರು ಕಾಲುವೆಯಲ್ಲಿ ಹರಿದು ಬರುವ ನೀರೇ ಬೇಕೆಂದು ಪಟ್ಟು ಬಿಡಲಿಲ್ಲ. ಧರಣಿ ನೂರು ದಿನ ದಾಟಿತು. ಸುಗ್ಗಿಯ ದಿನಗಳಲ್ಲಿ ಇಷ್ಟು ಕಾಲ ಪೆಂಡಾಲ್ ಖಾಲಿಯಾಗದಂತೆ ನೋಡಿಕೊಳ್ಳುವುದು ಭಾಷಣದಿಂದಾಗುವ ಕೆಲಸವಲ್ಲ. ಇಂದು ಯಾರು ಕೂರಬೇಕು, ಬುತ್ತಿ ಎಲ್ಲಿಂದ ಬರಬೇಕು, ಹೊಲ ಯಾರು ನೋಡಬೇಕು ಎಂಬುದೆಲ್ಲ ತೀರ್ಮಾನವಾಗಬೇಕು. ಜಾತ್ರೆಗೆ ಪಟ್ಟಿ ಎತ್ತಿ, ದಾಸೋಹ ನಡೆಸಿ ಗೊತ್ತಿರುವ ಊರುಗಳಿಗೆ ಇದು ಹೊಸ ವಿದ್ಯೆಯಲ್ಲ.

ಜಾಂಬಿಯಾದ ಎಂಡೆಂಬು ಜನರ ಆಚರಣೆಗಳನ್ನು ಅಭ್ಯಸಿಸಿದ ಮಾನವಶಾಸ್ತ್ರಜ್ಞ ವಿಕ್ಟರ್ ಟರ್ನರ್ ಒಂದು ಅಂಶ ಗುರುತಿಸಿದ್ದರು: ಆಚರಣೆಯ ನಡುವಿನ ಹಂತದಲ್ಲಿ ದಿನನಿತ್ಯದ ಮೇಲುಕೀಳು ಸಡಿಲಗೊಂಡು ಜನ ಸಮಾನರಾಗಿ ಒಂದಾಗುತ್ತಾರೆ. ಪೆಂಡಾಲಿನಲ್ಲೂ ಆ ಗಳಿಗೆ ಬರುತ್ತದೆ. ಒಂದೇ ಜಮಖಾನೆಯ ಮೇಲೆ ಕೂತು ಉಂಡವರ ನಡುವೆ ಹಳೆಯ ಅಂತರ ಕೆಲ ದಿನವಾದರೂ ಕಡಿಮೆಯಾಗಬಹುದು. ರಾಜಕೀಯಕ್ಕೂ ಆ ಒಗ್ಗಟ್ಟಿನ ಬಿಸಿ ತಟ್ಟುತ್ತದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಮಸ್ಕಿ ಕ್ಷೇತ್ರದ ಗೆಲುವಿನ ಅಂತರ ಬರೀ 213 ಮತ. 2021ರ ಏಪ್ರಿಲ್ ಉಪಚುನಾವಣೆಯಲ್ಲಿ ಅದೇ ಇಬ್ಬರು ಅಭ್ಯರ್ಥಿಗಳು ಪಕ್ಷ ಬದಲಿಸಿ ಎದುರಾದಾಗ, ಹಿಂದೆ ಸೋತಿದ್ದ ಬಸನಗೌಡ ತುರ್ವಿಹಾಳ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಕಾಲುವೆ ಒಂದೇ ಕಾರಣವಲ್ಲ, ಪಕ್ಷಾಂತರದ ಸಿಟ್ಟೂ ಇತ್ತು. ಆದರೆ 5ಎ ಹೆಸರು ಬಿಟ್ಟು ಅಲ್ಲಿ ಮತ ಕೇಳುವಂತಿರಲಿಲ್ಲ.

ಸಮಾನತೆಯ ಆ ಗಳಿಗೆಯನ್ನು ಅತಿಯಾಗಿ ಹೊಗಳಲು ನನಗೆ ಮನಸ್ಸಿಲ್ಲ. ನೀರಿನ ಹೋರಾಟದಲ್ಲಿ ಮೈಕ್ ಸಾಮಾನ್ಯವಾಗಿ ಹೊಲ ಇದ್ದವರ ಕೈಯಲ್ಲೇ ಇರುತ್ತದೆ. ರೊಟ್ಟಿ ಬಡಿದವರ ಹೆಸರು ಕರಪತ್ರದಲ್ಲಿರುವುದಿಲ್ಲ. ಬೇರೆ ಬಗೆಯ ಹೋರಾಟವೂ ಇದೆ: 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಮಹಿಳೆಯರಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರರೂ ಇದ್ದರು. ಅಲ್ಲಿ ಮಾತಾಡಿದವರು ಆ ಮಹಿಳೆಯರೇ. ಭೂಮಿ ಇಲ್ಲದವರಿಗೂ ಕಾಲುವೆ ಬೇಕು, ಏಕೆಂದರೆ ನೀರು ಬಂದರೆ ಕೂಲಿ ಕೆಲಸ ಹುಟ್ಟುತ್ತದೆ, ಗುಳೆ ತಪ್ಪುತ್ತದೆ. ಹೀಗಿರುವಾಗ ಮನವಿ ಓದುವ ಸರದಿ ಅವರಿಗೂ ಬರಬೇಕು, ಬೇಡಿಕೆಗಳ ಪಟ್ಟಿಯಲ್ಲಿ ಕೂಲಿ ದರಕ್ಕೂ ಒಂದು ಸಾಲು ಇರಬೇಕು.