ಬುತ್ತಿ ಬಿಚ್ಚೋದು ಎಲ್ಲಿ?

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ,

ಇಂಟರ್‌ವ್ಯೂಗೆ ಹೊರಟಾಗ, ರಜೆಯಲ್ಲಿ ಕೂಲಿಗೆ ಹೊರಟಾಗ, ಗುತ್ತಿಗೆ ನೌಕರಿ ಸಿಕ್ಕು ಪರವೂರಿಗೆ ಹೊರಟಾಗ ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ನಾವು ಎಲ್ಲಿ ಕೂತು ಬಿಚ್ಚುತ್ತೇವೆ? ಎಲ್ಲರೂ ಕೂತ ಬೆಂಚಿನ ಮೇಲೋ, ಬಸ್ ಸ್ಟ್ಯಾಂಡಿನ ಹಿಂದೆ ಗೋಡೆಗೆ ಮುಖ ಮಾಡಿಕೊಂಡೋ? ಅಥವಾ ಬಿಚ್ಚುವ ಧೈರ್ಯವೇ ಬಾರದೆ ಇಡೀ ದಿನ ಚೀಲದಲ್ಲಿ ಹೊತ್ತು ತಿರುಗಿ, ಸಂಜೆ ಯಾವುದೋ ನಾಯಿಯ ಮುಂದೆ ಸುರಿದು, ಮನೆಗೆ ಬಂದು "ಉಂಡೆ ಬೇ ಅವ್ವಾ" ಅಂತ ಸುಳ್ಳು ಹೇಳುತ್ತೇವೋ?

ಈ ಮೂರನ್ನೂ ಮಾಡಿದವರು ನಮ್ಮಲ್ಲಿ ಇದ್ದೇವೆ. ಅದಕ್ಕೇ ಈ ಮಾತು ಎತ್ತುತ್ತಿದ್ದೇವೆ. ಭೂಮಿ, ನೌಕರಿ, ಮೀಸಲಾತಿ ಅಂತ ದೊಡ್ಡ ಮಾತು ಇರುವಾಗ ರೊಟ್ಟಿಯ ಮಾತು ಯಾಕೆ ಅಂತ ಕೇಳಬೇಡಿ. ಹೊಟ್ಟೆಯ ಮಾತು ಯಾವತ್ತೂ ಸಣ್ಣದಲ್ಲ.

ನಾವು ಅಂಬಿಕಾನಗರದ ಕಡೆಯವರು. ಹಿಂದೆ ಹಳಿಯಾಳ ತಾಲೂಕು, ಈಗ ದಾಂಡೇಲಿ ತಾಲೂಕು. ಅಂಬಿಕಾನಗರ ಹಳೇ ಅಗ್ರಹಾರವಲ್ಲ, ಪೇಟೆಯೂ ಅಲ್ಲ. ಕಾಳಿ ನದಿಯ ವಿದ್ಯುತ್ ಯೋಜನೆಗಾಗಿ ಕಾಡಿನ ನಡುವೆ ಎದ್ದ ಕಾಲೊನಿ ಅದು. ಒಂದು ಕಡೆ ಬೊಮ್ಮನಹಳ್ಳಿಯ ಅಣೆಕಟ್ಟು, ಇನ್ನೊಂದು ಕಡೆ ನಾಗಝರಿಯ ವಿದ್ಯುದಾಗಾರ, ಮೇಲೆ ಸೂಪಾ. ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅದರ ನೀರಿನಲ್ಲಿ ಸೂಪಾ ಎಂಬ ಊರೇ ಮುಳುಗಿತು. 1970ರ ದಶಕದಿಂದ 80ರ ದಶಕದವರೆಗೆ ಕಲ್ಲು ಒಡೆಯಲು, ಸುರಂಗ ಕೊರೆಯಲು, ಕಾಂಕ್ರೀಟು ಹೊರಲು ಜನ ಎಲ್ಲೆಲ್ಲಿಂದಲೋ ಬಂದರು. ನಮ್ಮ ಅಜ್ಜಂದಿರು ಬಯಲುಸೀಮೆಯಿಂದ ಬಂದರು. ಹೆಗಲ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ರೊಟ್ಟಿಯ ಗಂಟು.

ಆ ಗಂಟಿನಲ್ಲಿ ಏನಿತ್ತು? ಜೋಳದ ಕಡಕ್ ರೊಟ್ಟಿ. ಬಿಸಿ ರೊಟ್ಟಿ ಮರುದಿನಕ್ಕೆ ಚರ್ಮದ ಹಾಗೆ ಆಗ್ತದೆ. ಬಡಿದು, ಬೇಯಿಸಿ, ಒಣಗಿಸಿ ಇಟ್ಟ ಕಡಕ್ ರೊಟ್ಟಿ ವಾರಗಟ್ಟಲೆ ಕೆಡೋದಿಲ್ಲ. ಜತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಎರಡು ಉಳ್ಳಾಗಡ್ಡಿ. ಕೈಗೆ ರೊಕ್ಕ ಬಂದ ವಾರ ಸಂತೆಯ ಒಣಮೀನು. ಎಲ್ಲ ಒಣದು, ಎಲ್ಲ ತಾಳಿಕೆಯದು. ದೂರದ ಕೆಲಸಕ್ಕೆ ಹೋಗುವವರಿಗೆ ಏನು ಕಟ್ಟಿದರೆ ಕೆಡೋದಿಲ್ಲ ಅಂತ ನಮ್ಮ ಅಜ್ಜಿಯರು ಯಾವ ಕಾಲೇಜಿಗೂ ಹೋಗದೆ ತಿಳಿದುಕೊಂಡಿದ್ದರು. ಗಂಟು ಖಾಲಿಯಾದ ಮೇಲೆ ಕೆಲಸದ ಜಾಗದಲ್ಲೇ ಮೂರು ಕಲ್ಲು, ಕಾಡಿನ ಪುಳ್ಳೆ, ಒಂದು ಹಂಚು. ಅಲ್ಲಿಗೆ ಮನೆಯಾಯಿತು.

ಈ ಅಡಿಗೆಯನ್ನು ನಾವು ಹೊಗಳುತ್ತೇವೆ. ಆದರೆ ಹೊಗಳಿ ಅಲ್ಲಿಗೇ ನಿಲ್ಲಿಸುವವರ ಜತೆ ನಮ್ಮ ಜಗಳ ಇದೆ. "ಹೋಟೆಲ್ ಊಟ ಕೆಟ್ಟದ್ದು, ಪ್ರಯಾಣಕ್ಕೆ ಮನೆಯ ಬುತ್ತಿಯೇ ಒಳ್ಳೇದು, ನಮ್ಮ ಹಿರಿಯರು ಎಷ್ಟು ಜಾಣರು!" ಅಂತ ಬರೆಯುವವರು, ಮಾತಾಡುವವರು ಬಹಳ ಜನ ಇದ್ದಾರೆ. ಯಾರ ಹಿರಿಯರು? ಮಡಿಯವರೂ ದಾರಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು, ನಮ್ಮವರೂ ಕಟ್ಟಿಕೊಂಡು ಹೋಗುತ್ತಿದ್ದರು. ಅವರು ಕಟ್ಟಿದ್ದು, ಬೇರೆಯವರು ಮುಟ್ಟಿದ್ದನ್ನು ತಾವು ಉಣ್ಣಬಾರದು ಅಂತ. ನಮ್ಮವರು ಕಟ್ಟಿದ್ದು, ದಾರಿಯಲ್ಲಿ ಯಾರೂ ನಮ್ಮನ್ನು ಕೂರಿಸಿ ಬಡಿಸೋದಿಲ್ಲ ಅಂತ. ಅರಿವೆ ಒಂದೇ, ಗಂಟು ಒಂದೇ, ಕಾರಣ ಮಾತ್ರ ಬೇರೆ. ಈ ಎರಡನ್ನೂ ಸೇರಿಸಿ "ನಮ್ಮ ಸಂಸ್ಕೃತಿ" ಅಂದರೆ ಅದು ಮೋಸ.

ನಮ್ಮ ಅಜ್ಜ ಹೇಳುತ್ತಿದ್ದ ಒಂದು ಸಂಗತಿ ಇದೆ. ಕೆಲಸದ ಜಾಗದಿಂದ ಊರಿಗೆ ಹೋಗುವ ದಾರಿಯಲ್ಲಿ ಒಂದು ಚಹಾದಂಗಡಿ. ಅಜ್ಜ ಹೊರಗಿನ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದ. ನೀರು ಕೇಳಿದ. ಒಳಗಿನಿಂದ ಒಂದು ದನಿ ಬಂತು: "ಯಾವೂರು? ಯಾರ ಪೈಕಿ?" ಹೇಳಿದ ಮೇಲೆ, "ಬೊಗಸೀ ಹಿಡಿ" ಅಂದರು. ಮೇಲಿಂದ ನೀರು ಸುರಿದರು. ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ. ಅಜ್ಜ ಅದನ್ನು ಸಿಟ್ಟಿನಿಂದಲೂ ಹೇಳುತ್ತಿರಲಿಲ್ಲ. "ರೊಟ್ಟಿ ನಮ್ಮದಿತ್ತು, ನೀರು ಅವರದಿತ್ತು. ಗಂಟಲದಾಗ ರೊಟ್ಟಿ ಸಿಕ್ಕೊಂಡಾಗ ಮನಷ್ಯಾಗ ತನ್ನ ಜಾತಿ ಗೊತ್ತಾಕ್ಕೈತಿ" ಅನ್ನುತ್ತಿದ್ದ. ಇಡೀ ಕಾಳಿ ನದಿಯನ್ನು ತಡೆದು ನಿಲ್ಲಿಸುವ ಕೆಲಸ ಮಾಡಿದ ಕೈ ಅದು. ಆ ಕೈಗೆ ಒಂದು ಲೋಟ ಸಿಗಲಿಲ್ಲ.

ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನೇ ಬಂದು ಉಂಡ ಅಂತ ಕಥೆ ಕೇಳಿದ್ದೇವೆ. ಕಥೆ ಕೇಳಿ ಕಣ್ಣೀರು ಹಾಕುವವರನ್ನೂ ನೋಡಿದ್ದೇವೆ. ಶಿವನಿಗೆ ಆಗಿದ್ದು ಚಹಾದಂಗಡಿಯವನಿಗೆ ಯಾಕೆ ಆಗಲಿಲ್ಲ?

ಬುತ್ತಿ ಇದ್ದರೆ ಸಾಕು, ಅವಮಾನ ತಪ್ಪುತ್ತದೆ ಅನ್ನುವವರು ಬಾಬಾಸಾಹೇಬರ ಬಾಲ್ಯದ ಒಂದು ಪ್ರಯಾಣವನ್ನು ನೆನಪು ಮಾಡಿಕೊಳ್ಳಬೇಕು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಅವರೇ ಅದನ್ನು ಹೇಳಿದ್ದಾರೆ. 1901ನೇ ಇಸವಿ. ತಂದೆ ದೂರದ ಗೋರೆಗಾಂವದಲ್ಲಿ ಕ್ಯಾಶಿಯರ್ ಕೆಲಸದಲ್ಲಿದ್ದರು. ರಜೆಯಲ್ಲಿ ಅವರನ್ನು ನೋಡಲು ಭೀಮ, ಅವನ ಅಣ್ಣ, ಅಕ್ಕನ ಮಕ್ಕಳು ಸತಾರಾದಿಂದ ಹೊರಟರು. ಒಳ್ಳೇ ಬಟ್ಟೆ, ಬುಟ್ಟಿಯ ತುಂಬ ಊಟ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಜಾತಿ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರ ಹಿಂದೆ ಸರಿದ. ಗಾಡಿಯವರು ಬರಲು ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ: ಎರಡು ಪಟ್ಟು ಬಾಡಿಗೆ, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂತ. ರಾತ್ರಿಯಾಯಿತು. ಮಕ್ಕಳಿಗೆ ಹಸಿವು. ಬುಟ್ಟಿಯಲ್ಲಿ ಊಟ ಇದೆ, ಆದರೆ ಕುಡಿಯಲು ನೀರಿಲ್ಲ. ಸುಂಕದ ಕಟ್ಟೆಯಲ್ಲಿ ತಾವು ಮುಸಲ್ಮಾನರು ಅಂತ ಸುಳ್ಳು ಹೇಳಿ ಕೇಳಿದರೂ ನೀರು ಸಿಗಲಿಲ್ಲ. ತುಂಬಿದ ಬುಟ್ಟಿಯ ಪಕ್ಕದಲ್ಲೇ ಆ ಮಕ್ಕಳು ಹಸಿದು ಮಲಗಿದರು.

ಗೆಳೆಯರೇ, ಇದನ್ನು ಮತ್ತೆ ಮತ್ತೆ ಓದಬೇಕು. ಊಟ ಮನೆಯಿಂದ ತರಬಹುದು. ನೀರು, ನೆರಳು, ಕೂರುವ ಜಾಗ ಇವನ್ನು ಗಂಟು ಕಟ್ಟಿ ತರಲು ಬರೋದಿಲ್ಲ. ಅವು ಎಲ್ಲರ ಸೊತ್ತು. ಆ ಹುಡುಗ ದೊಡ್ಡವನಾಗಿ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಬೊಗಸೆ ನೀರು ಕುಡಿದರು. "ಇನ್ನು ಮುಂದೆ ನೀರು ಹೊತ್ತುಕೊಂಡು ಪ್ರಯಾಣ ಮಾಡೋಣ" ಅಂತ ತೀರ್ಮಾನ ಮಾಡಿ ಮನೆಗೆ ಹೋಗಲಿಲ್ಲ.

"ಅದೆಲ್ಲ ಹಳೇ ಕಾಲ, ಈಗ ಎರಡು ಲೋಟದ ಪದ್ಧತಿ ಎಲ್ಲಿದೆ?" ಅಂತ ಕೇಳುವವರು ನಮ್ಮ ಹಾಸ್ಟೆಲುಗಳಲ್ಲೇ ಇದ್ದಾರೆ. ಲೋಟ ಹೋಗಿ ಕಾಗದದ ಕಪ್ಪು ಬಂತು, ನಿಜ. ಕುಡಿದು ಬಿಸಾಕಿದರೆ ಯಾರೂ ಯಾರದ್ದೂ ತೊಳೆಯಬೇಕಾಗಿಲ್ಲ. ಆದರೆ ಒಂದೇ ಅಂಗಡಿಯಲ್ಲಿ ಕೆಲವರಿಗೆ ಸ್ಟೀಲ್ ಲೋಟ, ಕೆಲವರಿಗೆ ಕಾಗದದ ಕಪ್ಪು ಕೊಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಎಲ್ಲರಿಗೂ ಕಾಗದದ್ದೇ ಕೊಟ್ಟ ಕಡೆಯೂ ಗೆದ್ದದ್ದು ಸಮಾನತೆಯೋ, ಕಾಗದದ ವ್ಯಾಪಾರವೋ ಅಂತ ಯೋಚನೆ ಮಾಡಬೇಕು. ಮನಸ್ಸು ತೊಳೆಯುವ ಬದಲು ಕಪ್ಪು ಬಿಸಾಕಿದರೆ ಆಯಿತೇ?

ಇನ್ನು ನೌಕರಿಗೆ ಹೋದವರ ಕತೆ. ಬಾಡಿಗೆ ಕೋಣೆ ಕೇಳಲು ಹೋದರೆ ಮೊದಲ ಪ್ರಶ್ನೆ: "ವೆಜ್ಜಾ, ನಾನ್‌ವೆಜ್ಜಾ?" ಇದು ನಾಲಿಗೆಯ ರುಚಿ ಕೇಳುವ ಪ್ರಶ್ನೆಯಲ್ಲ. "ಯಾರ ಪೈಕಿ?" ಅನ್ನೋದೇ ಪ್ಯಾಂಟು ತೊಟ್ಟು ಪಟ್ಟಣಕ್ಕೆ ಬಂದಿದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ನಾಲ್ಕು ಕಣ್ಣು ಒಳಗೆ ಇಣುಕುತ್ತವೆ. ಒಣಮೀನಿನ ವಾಸನೆ ಬಂದರೆ ಮೂಗು ಮುಚ್ಚುತ್ತಾರೆ. ಆಮೇಲೆ ನಮ್ಮ ಹುಡುಗ ಏನು ಮಾಡುತ್ತಾನೆ? ಅವ್ವನಿಗೆ ಹೇಳುತ್ತಾನೆ: "ನಾಳಿಂದ ಬರೇ ಚಿತ್ರಾನ್ನ ಹಾಕ್ ಬೇ." ಅವ್ವ ಯಾಕೆ ಅಂತ ಕೇಳೋದಿಲ್ಲ. ಅವಳಿಗೆ ಗೊತ್ತು.

ನಮ್ಮಲ್ಲಿ ಈಗ ಎರಡು ಬುದ್ಧಿಮಾತು ನಡೆದಿವೆ. ಒಂದು: ಬುತ್ತಿ ಕಟ್ಟಿಕೊಂಡು ಹೋಗು, ಅವರ ಹೋಟೆಲ್ಲಿಗೆ ಹೋಗಲೇಬೇಡ, ಮಾನ ಉಳಿಯುತ್ತದೆ. ಇನ್ನೊಂದು: ಬುತ್ತಿ ಬಿಡು, ಒಳ್ಳೇ ಅಂಗಿ ಹಾಕಿಕೊಂಡು ಹೋಟೆಲಲ್ಲಿ ಕೂತು ತಿನ್ನು, ಯಾರಿಗೂ ಗೊತ್ತಾಗೋದಿಲ್ಲ. ಎರಡೂ ಪ್ರೀತಿಯಿಂದ ಹೇಳಿದ ಮಾತೇ. ಆದರೆ ಎರಡನ್ನೂ ನಾವು ಒಪ್ಪೋದಿಲ್ಲ. ಮೊದಲನೆಯದು ಎಲ್ಲರ ಜಾಗವನ್ನು ಅವರಿಗೇ ಬಿಟ್ಟುಕೊಡುತ್ತದೆ. ಎರಡನೆಯದು ಅವ್ವನ ಕೈಯನ್ನು ಬಿಟ್ಟುಕೊಡುತ್ತದೆ. ಬುತ್ತಿಯೂ ನಮ್ಮದು, ಬೆಂಚೂ ನಮ್ಮದು.

ನಾವು ಹೇಳೋದು ಇಷ್ಟು.

ಮೊದಲು, ಬುತ್ತಿಯನ್ನು ಎಲ್ಲರ ನಡುವೆ ಬಿಚ್ಚೋಣ. ರೊಟ್ಟಿ ಇದ್ದರೆ ರೊಟ್ಟಿ, ಮೀನಿದ್ದರೆ ಮೀನು. ಪಕ್ಕದಲ್ಲಿ ಕೂತವರಿಗೆ "ತಗೋರಿ" ಅನ್ನೋಣ. ಬೇಡ ಅಂದವರಿಗೆ ಸಂಕಟವಾಗಲಿ, ಕೊಟ್ಟ ನಮಗೆ ಯಾಕೆ ನಾಚಿಕೆ?

ಎರಡನೆಯದು, ನೀರನ್ನು ಅಂಗಡಿಯ ಲೋಟದಲ್ಲೇ ಕೇಳೋಣ. ಇದು ಭಿಕ್ಷೆಯಲ್ಲ, ಕಾನೂನು. ಸಂವಿಧಾನದ 15ನೇ ಕಲಮು ಅಂಗಡಿ, ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆದಿದೆ. 17ನೇ ಕಲಮು ಅಸ್ಪೃಶ್ಯತೆಯನ್ನೇ ತೆಗೆದುಹಾಕಿದೆ. 1955ರಲ್ಲಿ ಬಂದ, 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾದ ಕಾನೂನಿನ 4ನೇ ಕಲಮಿನಲ್ಲಿ ಹೋಟೆಲಿನೊಳಗೆ ಹೋಗುವುದನ್ನು ತಡೆಯುವುದಷ್ಟೇ ಅಲ್ಲ, ಅಲ್ಲಿ ಸಾರ್ವಜನಿಕರಿಗೆ ಅಂತ ಇಟ್ಟ ಪಾತ್ರೆ ಬಳಸಲು ಬಿಡದಿರುವುದೂ ಅಪರಾಧ. ಅಜ್ಜ ಬೊಗಸೆ ಒಡ್ಡಿದಾಗಲೂ ಆ ಕಾನೂನು ಪುಸ್ತಕದಲ್ಲಿತ್ತು. ಅವನಿಗೆ ಓದಲು ಬರುತ್ತಿರಲಿಲ್ಲ. ನಮಗೆ ಬರುತ್ತದಲ್ಲ?

ಮೂರನೆಯದು, ಕೆಲಸಕ್ಕೆ ಕರೆದವರು ಊಟಕ್ಕೆ ಜಾಗ ಕೊಡಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲೇ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನಿನ ಮಾತು ಬಂದಿತ್ತು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ 100 ಜನರಿದ್ದಲ್ಲಿ ಕ್ಯಾಂಟೀನು ಬೇಕು ಅಂದಿತ್ತು. ಕಾಯ್ದೆಗಳು ಬದಲಾಗುತ್ತವೆ, ಹಸಿವು ಬದಲಾಗೋದಿಲ್ಲ. ಒಂದೇ ಒಲೆ, ಒಂದೇ ಸಾಲು, ಒಂದೇ ತಟ್ಟೆ: ಇದನ್ನು ಕೂಲಿಯ ಜತೆಗೇ ಕೇಳಬೇಕು. 2017ರಲ್ಲಿ ಇಂದಿರಾ ಕ್ಯಾಂಟೀನು ಶುರುವಾದಾಗ ಹತ್ತು ರೂಪಾಯಿ ಊಟ ಅಂತ ಎಲ್ಲರೂ ಬೆಲೆಯ ಮಾತಾಡಿದರು. ನಮಗೆ ಕಂಡದ್ದು ಆ ಸಾಲು. ಟೋಕನ್ ಕೊಡುವವನು ಪೈಕಿ ಕೇಳಲಿಲ್ಲ. ಅಂಥ ಸಾಲು ಕಾಡಿನ ನಡುವಿನ ಕೆಲಸದ ಜಾಗಕ್ಕೂ ಬರಬೇಕು.

ನಾಲ್ಕನೆಯದು ನಮ್ಮ ಮೇಲೇ ಬರುವ ಮಾತು. ಬುತ್ತಿ ಕಟ್ಟಿದ್ದು ಯಾರು? ಬೆಳಗಿನ ಐದರ ಬಸ್ಸಿಗೆ ನಾವು ಹೊರಟರೆ ಅವ್ವ ಮೂರಕ್ಕೇ ಎದ್ದಿರುತ್ತಾಳೆ. ಹೊಗೆ ಕುಡಿದು, ಹಿಟ್ಟು ನಾದಿ, ಇಪ್ಪತ್ತು ರೊಟ್ಟಿ ಬಡಿದು, ನಮ್ಮನ್ನು ಕಳಿಸಿ, ತಾನು ಕೂಲಿಗೆ ಹೋಗುತ್ತಾಳೆ. ಅವಳ ಬುತ್ತಿ ಯಾರು ಕಟ್ಟುತ್ತಾರೆ? ತಂಗಳನ್ನೇ ಅವಳು ಕಟ್ಟಿಕೊಂಡು ಹೋಗೋದನ್ನು ನೋಡಿಯೂ ಸಮಾನತೆಯ ಹಾಡು ಹಾಡುವ ನಾವು ಎಂಥ ಕ್ರಾಂತಿಕಾರಿಗಳು? ಹಾಸ್ಟೆಲಿನ ಹುಡುಗರು ರಜೆಗೆ ಊರಿಗೆ ಹೋದಾಗ ರೊಟ್ಟಿ ಬಡಿಯೋದು ಕಲಿಯಬೇಕು. ಮೊದಲ ರೊಟ್ಟಿ ಹರಿಯುತ್ತದೆ, ಎರಡನೆಯದು ನಕ್ಷೆಯ ಹಾಗೆ ಆಗುತ್ತದೆ. ಆಗಲಿ. ಅವ್ವ ನಗುತ್ತಾಳೆ. ಹತ್ತನೆಯದು ದುಂಡಗೆ ಬರುತ್ತದೆ.

ನಾಗಝರಿಯ ಯಂತ್ರಗಳು ತಿರುಗುತ್ತಲೇ ಇವೆ. ಆ ಕರೆಂಟಿನಿಂದ ಯಾವ ಯಾವ ಊರಿನ ಹೋಟೆಲಿನಲ್ಲಿ ದೀಪ ಉರಿಯುತ್ತದೋ, ಯಾವ ಫ್ರಿಜ್ಜಿನಲ್ಲಿ ನೀರು ತಣ್ಣಗಾಗುತ್ತದೋ. ಆ ದೀಪದ ಕೆಳಗೆ ಕೂತು, ಆ ನೀರನ್ನು ಆ ಲೋಟದಲ್ಲೇ ಕುಡಿಯುವ ಹಕ್ಕು ಬೊಗಸೆ ಒಡ್ಡಿದವನ ಮೊಮ್ಮಕ್ಕಳಿಗಿದೆ.

ಮುಂದಿನ ಸಭೆಗೆ ಬರುವಾಗ ಎಲ್ಲರೂ ಬುತ್ತಿ ತನ್ನಿ. ನೀವೇ ಮಾಡಿದ್ದು ತನ್ನಿ. ಮರೆಯಲ್ಲಿ ಬೇಡ, ನಡುವೆ ಕೂತು ಬಿಚ್ಚೋಣ.

ಜೈ ಭೀಮ್.