ಧೈರ್ಯದ ಪಾಠ ಬಾಗಿಲಲ್ಲೇ



ಮಕ್ಕಳಿಗೆ ಧೈರ್ಯ ಕಲಿಸಬೇಕೆಂದಾಗ ನಮಗೆ ಮೊದಲು ನೆನಪಾಗುವುದು ಕವಣೆಕಲ್ಲಿನಿಂದ ಗೊಲ್ಯಾತನನ್ನು ಕೆಡವಿದ ದಾವೀದನ ಕಥೆ. ನಾನೂ ನನ್ನ ಮಗನಿಗೆ ಅದನ್ನೇ ಹೇಳುತ್ತಿದ್ದೆ. ಆದರೆ ಒಂದು ದಿನ ಪಕ್ಕದ ಬೀದಿಯಾಕೆ ಚೀಟಿ ಹಣಕ್ಕೆ ಬಂದಾಗ, ಕೈಯಲ್ಲಿ ಕಾಸಿಲ್ಲದೆ, "ಅಮ್ಮ ಮನೇಲಿಲ್ಲ ಅಂತ ಹೇಳೋ" ಎಂದು ಅವನನ್ನೇ ಬಾಗಿಲಿಗೆ ಕಳಿಸಿದೆ. ವಾರದೊಳಗೆ ಅವನು ಲೆಕ್ಕದ ಪರೀಕ್ಷೆಯ ಅಂಕಪಟ್ಟಿ ಬಚ್ಚಿಟ್ಟ. ಗದರಿದೆ. "ನೀನೂ ಹೆದರಿಕೊಂಡು ಸುಳ್ಳು ಹೇಳಿಸಿದೆಯಲ್ಲಮ್ಮಾ" ಎಂದ. ನನಗೆ ಮಾತೇ ಹೊರಡಲಿಲ್ಲ.

ಆ ಭಾನುವಾರ ಸಂತ ಫಿಲೋಮಿನಾ ಚರ್ಚಿನಲ್ಲಿ (1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಚರ್ಚು ಅದು) ಪೂಜೆ ಮುಗಿಸಿ ಯಾದವಗಿರಿಗೆ ಮರಳುತ್ತಾ ಅವನಿಗೆ ಪೇತ್ರನ ಕಥೆ ಹೇಳಿದೆ. ಒಬ್ಬ ದಾಸಿ ಕೇಳಿದ್ದಕ್ಕೇ ಹೆದರಿ, ಯೇಸುಸ್ವಾಮಿಯ ಪರಿಚಯವೇ ಇಲ್ಲವೆಂದವನು. ಕೋಳಿ ಕೂಗುವುದರೊಳಗೆ ಮೂರು ಸಲ! ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಅದೇ ಪೇತ್ರ ಮುಂದೆ ಜೆರುಸಲೇಮಿನ ನ್ಯಾಯಸಭೆಯೆದುರು ಎದೆಗುಂದದೆ ಆ ಹೆಸರನ್ನೇ ಸಾರಿದ.

ಮನೆಗೆ ಹೋಗುವ ಮೊದಲು ಇಬ್ಬರೂ ಚೀಟಿಯಾಕೆಯ ಬಾಗಿಲು ತಟ್ಟಿದೆವು. "ಅವತ್ತು ಮನೇಲೇ ಇದ್ದೆ, ದುಡ್ಡಿರಲಿಲ್ಲ" ಎಂದೆ. ಕಾಲು ನಡುಗುತ್ತಿತ್ತು. ಮಗನ ಕೈ ನನ್ನ ಕೈಯಲ್ಲೇ ಇತ್ತು. ಆಕೆ ತುಸು ಹೊತ್ತು ಸುಮ್ಮನಿದ್ದು, "ತಿಂಗಳ ಕೊನೆಗೆ ಕೊಡಿ" ಎಂದಳು.

ಮುಂದಿನ ಪರೀಕ್ಷೆಯಲ್ಲೂ ಅಂಕ ಕಡಿಮೆಯೇ. ಆದರೆ ಪಟ್ಟಿಯನ್ನು ತಾನಾಗಿ ತಂದು ಕೈಗಿತ್ತ.

ನಿಮ್ಮ ಮಗುವೂ ಹೀಗೆ ತಪ್ಪು ಒಪ್ಪಿಕೊಂಡು ಬಂದರೆ ಮೊದಲು ಬೆನ್ನು ತಟ್ಟಿ. ಬುದ್ಧಿಮಾತು ಊಟವಾದ ಮೇಲೂ ಹೇಳಬಹುದು, ಅಲ್ಲವೇ?